ಮಾವಿನ ಬರಹಕ್ಕೆ ಇಬ್ಬರು

ಹೊಸೂರು, ಭಾನುವಾರ

ಪ್ರೀತಿಯ ಅತ್ತೆಯವರಿಗೆ ನಿಮ್ಮ ಸೊಸೆ ಕಲ್ಪನಾಳ ನಮಸ್ಕಾರ.

ಫೋನಿನಲ್ಲಾದರೆ ಸಂತೋಷಕ್ಕೆ ಮಾತು ತಡವರಿಸುತ್ತದೆ, ಅದಕ್ಕೇ ಈ ಕಾಗದ. ನನಗೆ ಬರೆಯುವ ಕೆಲಸ ಸಿಕ್ಕಿತು!

ನಾನು ಫ್ಯಾಕ್ಟರಿ ಕೆಲಸ ಬಿಟ್ಟು, ಮನೆಯಿಂದಲೇ ಬರೆದು ಸಂಪಾದಿಸುತ್ತೇನೆ ಎಂದಾಗ ನೀವು, "ಮಖಾನೇ ನೋಡ್ದಿರೋರು ಕೆಲ್ಸ ಕೊಟ್ಟಾರಾ ಕಲ್ಪನಾ?" ಎಂದಿದ್ದಿರಿ. ನನಗೂ ಅದೇ ಭಯವಿತ್ತು. ಬರಹಗಾರರಿಗೆ ಕೆಲಸ ಹುಡುಕಿಕೊಡುವ ವೆಬ್‌ಸೈಟಿನಲ್ಲಿ ಆರು ತಿಂಗಳು ಅರ್ಜಿ ಹಾಕಿದೆ, ಒಬ್ಬರೂ ಒಪ್ಪಲಿಲ್ಲ. ಕೊನೆಗೆ ರೈತರಿಗೆ ಕನ್ನಡದಲ್ಲಿ ಮಾಹಿತಿ ಕೊಡುವ ಸಂಸ್ಥೆಯೊಂದು ಮಾವಿನ ಬಗ್ಗೆ ಮಾದರಿ ಲೇಖನ ಕೇಳಿತು. ದೊಡ್ಡ ದೊಡ್ಡ ಪದ ಹಾಕಿ ಬರೆದೆ. "ಇದು ರೈತರಿಗೆ ಅರ್ಥವಾಗುವುದಿಲ್ಲ, ಇನ್ನೊಮ್ಮೆ ಬರೆಯಿರಿ" ಎಂದು ಸಂಪಾದಕಿ ವಾಪಸ್ ಕಳಿಸಿದರು.

ಅಳುವೇ ಬಂತು. ಆಗ, ಸೂಳಗಿರಿಯ ತೋಟದಲ್ಲಿ ನೀವು ನಿಮ್ಮ ಮಗನನ್ನು ಗದರಿದ್ದು ನೆನಪಾಯಿತು: "ಹೂವ ಬಿಟ್ಟೈತೆ, ಈಗ್ಲೇ ನೀರು ಕಟ್ಬ್ಯಾಡ ಕಣ್ಲಾ! ಹೀಚು ಬಟಾಣಿ ಗಾತ್ರ ಬರ್ಲಿ." ಅದನ್ನೇ ಮೊದಲ ಸಾಲು ಮಾಡಿ, ನೀವು ಹೇಳುವ ಹಾಗೆಯೇ ಪೂರ್ತಿ ಬರೆದು ಕಳಿಸಿದೆ.

ಮರುದಿನವೇ ಸಂಪಾದಕಿ ಫೋನ್ ಮಾಡಿ, ತಿಂಗಳಿಗೊಂದರಂತೆ ವರ್ಷವಿಡೀ ಬರೆಯಲು ಹೇಳಿದರು. ಈ ಮಾತೆಲ್ಲ ನಮ್ಮ ಅತ್ತೆಯವರದು ಎಂದೆ. "ಹಾಗಾದ್ರೆ ಅವರ ಹೆಸರೂ ಹಾಕೋಣ" ಎಂದರು.

ಇನ್ನು ಪ್ರತಿ ಲೇಖನಕ್ಕೂ ಎರಡು ಹೆಸರು: ಪಾಪಮ್ಮ, ಕಲ್ಪನಾ. ನಿಮ್ಮದೇ ಮೊದಲಿರಲಿ ಎಂದು ನಾನೇ ಕೇಳಿಕೊಂಡೆ.

ಮುಂದಿನದು ಮಾವಿನ ಹೂವಿನ ರಸ ಹೀರುವ ಜಿಗಿಹುಳದ ಬಗ್ಗೆ. ನನಗೇನೂ ಗೊತ್ತಿಲ್ಲ. ಶುಕ್ರವಾರದ ಬಸ್ಸಿಗೆ ಬಂದು, ಎರಡು ದಿನ ಪಕ್ಕದಲ್ಲಿ ಕೂತು ಹೇಳಿಕೊಡಿ. ಸಂಪಾದಕಿ ನಿಮ್ಮ ಫೋಟೊ ಕೇಳಿದ್ದಾರೆ. ಬರುವಾಗ ನಿಮಗಿಷ್ಟವಾದ ಆ ಹಸಿರು ಸೀರೆಯನ್ನೇ ಉಟ್ಟು ಬನ್ನಿ.

ನಿಮ್ಮ ದಾರಿ ಕಾಯುತ್ತಿರುವ
ಕಲ್ಪನಾ