ಗಂಟು ಯಾವ ಕಡೆಗೆ

ಸ್ಪ್ರಿಂಗ್‌ಫೀಲ್ಡ್ ಲೇಕ್ಸ್, ಬ್ರಿಸ್ಬೇನ್
೨೩ ಅಕ್ಟೋಬರ್ ೨೦೧೬, ಭಾನುವಾರ

ಪ್ರೀತಿಯ ಕಸ್ತೂರಿ ಅಕ್ಕನಿಗೆ,

ನಿನ್ನ ತಂಗಿ ಹಂಸಾ ಮಾಡುವ ನಮಸ್ಕಾರ. ನಾನೂ ಪ್ರಣತಿಯೂ ಚೆನ್ನಾಗಿದ್ದೇವೆ. ಮೈಸೂರಿನಲ್ಲಿ ನೀನೂ ಚಿನ್ಮಯಿಯೂ ಮದುವೆಯ ಓಡಾಟದ ನಡುವೆ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯದೆ ಕೂತಿದ್ದಕ್ಕೆ ಬೈ, ಆದರೆ ಇದನ್ನು ಪೂರ್ತಿ ಓದಿದ ಮೇಲೆ ಬೈ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡ. ನೀನು ಫೋನು ಎತ್ತಿದೊಡನೆ ಸ್ಪೀಕರಿಗೆ ಹಾಕುತ್ತೀಯ. ಆಮೇಲೆ ನಾನು ನಿನ್ನ ಹತ್ತಿರ ಮಾತಾಡುತ್ತಿದ್ದೇನೋ ಇಡೀ ಬೀದಿಯ ಹತ್ತಿರವೋ ಗೊತ್ತಾಗುವುದಿಲ್ಲ.

ನೀನು ಕೇಳಿದ್ದು ಒಂದೇ ಮಾತು. ಫೆಬ್ರವರಿಯಲ್ಲಿ ಚಿನ್ಮಯಿಯ ಮದುವೆ, ಭಾವ ಇಲ್ಲ, ಆದ್ದರಿಂದ ನಾನೂ ಗುರುದತ್ತರೂ ಜೋಡಿಯಾಗಿ ಮಣೆಯ ಮೇಲೆ ಕೂತು ಅವಳನ್ನು ಧಾರೆ ಎರೆದುಕೊಡಬೇಕು. "ನಾನು ಮುಂದೆ ಬರೋ ಹಾಗಿಲ್ಲ, ನಿಮ್ಮಿಬ್ಬರ ಕೈಯಿಂದಲೇ ಆಗಲಿ" ಎಂದು ಬರೆದಿದ್ದೀಯ. ಪುರೋಹಿತರಿಗೂ ಹೇಳಿಬಿಟ್ಟಿದ್ದೀಯಂತೆ. ಉತ್ತರ ಕೊಡುತ್ತೇನೆ ಅಕ್ಕ. ಅದಕ್ಕೆ ಮೊದಲು ಇಲ್ಲಿ ನಡೆದ ಒಂದು ಹಬ್ಬದ ಕಥೆ ಕೇಳು. ಎರಡಕ್ಕೂ ಸಂಬಂಧ ಇದೆ.

ನಮ್ಮ ಬಡಾವಣೆಯ ಕೆರೆಯ ಪಕ್ಕದಲ್ಲೊಂದು ಪಾರ್ಕಿದೆ. ಅಲ್ಲಿ ಪ್ರತಿ ವರ್ಷ ಎಲ್ಲ ದೇಶದವರೂ ಸೇರಿ ಮೇಳ ಮಾಡುತ್ತಾರೆ. ಈ ಸಲ ಜರ್ಮನಿಯವರ ಕ್ಲಬ್ಬು ಮುಂದೆ ನಿಂತು ಅಕ್ಟೋಬರ್‌ಫೆಸ್ಟ್ ಮಾಡಿತು. ಬಿಯರು, ಬ್ಯಾಂಡು, ಕುಣಿತ. ಅವರ ಊರಿನಲ್ಲಿ ಇದು ಎಲೆ ಉದುರುವ ಕಾಲದ ಹಬ್ಬವಂತೆ. ಇಲ್ಲಿ ನೋಡಿದರೆ ಅಕ್ಟೋಬರ್ ಎಂದರೆ ವಸಂತ. ಜಕರಂಡಾ ಮರಗಳು ಬೀದಿ ತುಂಬ ನೇರಳೆ ಹೂವು ಸುರಿಸಿಕೊಂಡು ನಿಂತಿವೆ, ಅದರ ಕೆಳಗೆ ಚರ್ಮದ ಚಡ್ಡಿ, ಉಣ್ಣೆಯ ಕಾಲುಚೀಲ ಹಾಕಿಕೊಂಡ ಗಂಡಸರು ಬೆವರು ಒರೆಸಿಕೊಳ್ಳುತ್ತಿದ್ದಾರೆ. ನನಗಂತೂ ಖುಷಿಯಾಯಿತು. ಋತು ತಪ್ಪಿ ಹಬ್ಬ ಮಾಡುವವರು ನಾವಷ್ಟೇ ಅಲ್ಲ.

ಪಕ್ಕದ ಮನೆಯ ಗೆರ್ಡಾ ಆ ಕ್ಲಬ್ಬಿಗೆ ಹಿರಿಯರು. ಎಪ್ಪತ್ತು ದಾಟಿದೆ. ಮದುವೆಯಾದ ಹೊಸತರಲ್ಲಿ ಗಂಡ ವಾಲ್ಟರ್ ಜೊತೆ ಹಡಗಿನಲ್ಲಿ ಬಂದವರು. ನಾವು ಪರ್ತ್‌ನಿಂದ ಇಲ್ಲಿಗೆ ಬಂದ ವರ್ಷವೇ ವಾಲ್ಟರ್ ತೀರಿಕೊಂಡರು. ಮೊದಮೊದಲು ನಾನು "ಗೆರ್ಡಾ ಆಂಟಿ" ಎಂದು ಕರೆಯುತ್ತಿದ್ದೆ. "ನಿನ್ನ ಆಂಟಿ ನಾನು ಹೇಗಾದೆ?" ಎಂದು ಅವರು ಆ ಅಭ್ಯಾಸ ಬಿಡಿಸಿದರು. ನನ್ನ ಬಾಯಿ ನಿನಗೆ ಗೊತ್ತಲ್ಲ, ಸುಮ್ಮನಿರದು. ಸೆಪ್ಟೆಂಬರಿನಲ್ಲೇ ಶುರುವಾಗುವ ಹಬ್ಬಕ್ಕೆ ಅಕ್ಟೋಬರ್ ಎಂಬ ಹೆಸರೇಕೆ, ಬಿಯರಿಗೆ ಅಷ್ಟು ದೊಡ್ಡ ಮಗ್ಗು ಏಕೆ, ಎಲ್ಲ ಕೇಳಿದೆ. ಇದು ಶುರುವಾಗಿದ್ದೇ ಒಬ್ಬ ರಾಜಕುಮಾರನ ಮದುವೆಯಿಂದ ಎಂದರು. ಮದುವೆ ಮುಗಿದು ಇನ್ನೂರು ವರ್ಷವಾದರೂ ಜನ ಔತಣ ಬಿಟ್ಟಿಲ್ಲ! ಚಿನ್ಮಯಿಗೆ ಹೇಳು, ಹೊಟ್ಟೆ ತುಂಬ ನಗಲಿ.

ನಮ್ಮ ಕನ್ನಡ ಸಂಘಕ್ಕೂ ಒಂದು ಸ್ಟಾಲ್ ಕೊಟ್ಟಿದ್ದರು. ಸಂಘದ ಅಧ್ಯಕ್ಷರು ನಟರಾಜ್ ಅಂಕಲ್. "ಏನಮ್ಮಾ, ಹೆಂಡದ ಜಾತ್ರೇಲಿ ಕನ್ನಡ ಸಂಘದ ಬೋರ್ಡು ಹಾಕ್ತಾರೇನಮ್ಮಾ?" ಎಂದು ಮೀಟಿಂಗಿನಲ್ಲಿ ಎದ್ದು ನಿಂತೇಬಿಟ್ಟರು. ಜರ್ಮನಿಯವರ ಪ್ರೆಟ್ಜೆಲ್ ಎಂಬ ತಿಂಡಿಯ ಫೋಟೋವನ್ನು ನಾನು ಮೊಬೈಲಿನಲ್ಲಿ ತೋರಿಸಿದೆ. ತಿರುಚಿದ ಹಿಟ್ಟು, ಮೇಲೆ ಉಪ್ಪು. ಅಂಕಲ್ ಕನ್ನಡಕ ಏರಿಸಿ ನೋಡಿ, "ಇದು ನಮ್ಮ ಕೋಡುಬಳೇನೇ ಅಲ್ವಾ, ಊದ್ಕೊಂಡಿದೆ ಅಷ್ಟೆ" ಎಂದರು. ಸರಿ, ಕೋಡುಬಳೆ ಮಾರುವುದೆಂದು ತೀರ್ಮಾನವಾಯಿತು. ಅಂಕಲ್ ಅವರ ಹೆಂಡತಿ ರುಕ್ಮಿಣಿ ಆಂಟಿಯೂ ನಾನೂ ಎರಡು ಸಂಜೆ ಕೂತು ಕರಿದೆವು. ಬಿಯರಿನ ಜೊತೆ ಅದು ಯಾವ ಪರಿ ಖರ್ಚಾಯಿತೆಂದರೆ, ಮಧ್ಯಾಹ್ನದ ಹೊತ್ತಿಗೆ ಡಬ್ಬದಲ್ಲಿ ಪುಡಿ ಮಾತ್ರ ಉಳಿದಿತ್ತು. ಒಬ್ಬ ಗಡ್ಡದ ಮುದುಕ ಅದನ್ನೂ ಅಂಗೈಗೆ ಸುರಿಸಿಕೊಂಡು ತಿಂದ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹಬ್ಬದ ಬೆಳಿಗ್ಗೆ ಗೆರ್ಡಾ ಒಂದು ಹಳೆಯ ಪೆಟ್ಟಿಗೆ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಒಳಗೆ ಹಸಿರು ಬಣ್ಣದ ಒಂದು ಉಡುಪು. ಅವರ ಕಡೆಯ ಹೆಂಗಸರು ಹಬ್ಬಕ್ಕೆ ಹಾಕುವುದು. ಬಿಗಿಯಾದ ರವಿಕೆ, ನೆರಿಗೆಯ ಲಂಗ, ಮೇಲೊಂದು ರೇಷ್ಮೆಯ ಏಪ್ರನ್. "ನನ್ನ ಮೂವತ್ತರ ವಯಸ್ಸಿನದು, ನಿನಗೆ ಆಗುತ್ತದೆ, ಹಾಕಿಕೋ" ಎಂದರು. ಯಾರಾದರೂ ಬಟ್ಟೆ ಕೊಟ್ಟರೆ ಹಾಕಿ ನೋಡದೆ ಬಿಡುವವಳಲ್ಲ ನಾನು, ಚಿಕ್ಕಂದಿನಲ್ಲಿ ನಿನ್ನ ಬೀರುವನ್ನೇ ಖಾಲಿ ಮಾಡಿದವಳು. ಹಾಕಿಕೊಂಡೆ. ಪ್ರಣತಿ ಬಾಗಿಲಲ್ಲಿ ಟೋಸ್ಟ್ ತಿನ್ನುತ್ತ ನಿಂತಿದ್ದವಳು, "ಅಮ್ಮಾ, ಯು ಲುಕ್ ಲೈಕ್ ದ ಲೇಡಿ ಆನ್ ದ ಚೀಸ್ ಪ್ಯಾಕೆಟ್" ಎಂದು ಬಿದ್ದು ಬಿದ್ದು ನಕ್ಕಳು.

ಏಪ್ರನ್ನಿನ ದಾರವನ್ನು ಕೈಯಲ್ಲಿ ಹಿಡಿದು ಗೆರ್ಡಾ ಕೇಳಿದರು: "ಗಂಟು ಯಾವ ಕಡೆಗೆ?"

"ಯಾವ ಕಡೆಗಾದರೇನು?" ಎಂದೆ.

ಹಾಗಲ್ಲವಂತೆ ಅಕ್ಕ. ಅದಕ್ಕೊಂದು ಪದ್ಧತಿಯಿದೆ. ಮದುವೆಯಾದವಳು ಬಲಕ್ಕೆ ಗಂಟು ಹಾಕಬೇಕು. ಯಾರ ಹಂಗೂ ಇಲ್ಲದವಳು ಎಡಕ್ಕೆ. ಗಂಡನನ್ನು ಕಳೆದುಕೊಂಡವಳು ಬೆನ್ನ ಹಿಂದೆ. ಬಿಯರು ಹಂಚುವ ಹುಡುಗಿಯರೂ ಹಿಂದೆಯೇ ಕಟ್ಟುತ್ತಾರಂತೆ, ಮುಂದೆ ಕಟ್ಟಿದರೆ ಕೆಲಸಕ್ಕೆ ಅಡ್ಡ. ನಾನು ಬೆರಗಾಗಿ ಕೇಳುತ್ತಿದ್ದೆ. ಹಣೆ, ಕೊರಳು, ಕಾಲುಂಗುರ ನೋಡಿ ಲೆಕ್ಕ ಹಾಕುವವರು ನಾವೊಬ್ಬರೇ ಎಂದುಕೊಂಡಿದ್ದೆ. ಇವರು ಏಪ್ರನ್ನಿನಲ್ಲೂ ಬರೆದಿಟ್ಟಿದ್ದಾರಲ್ಲ! ಗೆರ್ಡಾ ತಮ್ಮ ಗಂಟನ್ನು ತಿರುಗಿ ತೋರಿಸಿದರು. ಬೆನ್ನ ಹಿಂದೆ ಇತ್ತು.

"ನಿನಗೆ ಬಲಕ್ಕೆ ತಾನೇ?" ಎಂದರು.

ಪ್ರಣತಿ ಟೋಸ್ಟ್ ತಿನ್ನುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ನಾನು "ಹೌದು, ಬಲಕ್ಕೇ" ಎಂದೆ.

ಗೆರ್ಡಾ ಹಿಂದೆ ತಿರುಗಿ ಗಂಟು ತೋರಿಸಿದರಲ್ಲ, ಆಗ ನನಗೆ ಅದರ ಹಿಂದಿನ ವಾರದ್ದು ನೆನಪಾಯಿತು. ದಸರಾಕ್ಕೆ ರುಕ್ಮಿಣಿ ಆಂಟಿ ಮನೆಯಲ್ಲಿ ಗೊಂಬೆ ಕೂರಿಸಿದ್ದರು. ಗೆರ್ಡಾರನ್ನೂ ಕರೆದುಕೊಂಡು ಹೋಗಿದ್ದೆ. ಆರತಿಯಾದ ಮೇಲೆ ಆಂಟಿ ಕುಂಕುಮದ ಬಟ್ಟಲು ಹಿಡಿದು ಸಾಲಾಗಿ ಬಂದರು. ಗೆರ್ಡಾ ಎಲ್ಲರನ್ನೂ ನೋಡಿ ಕಲಿತುಕೊಂಡು, ತಮ್ಮ ಸರದಿ ಬಂದಾಗ ಹಣೆ ಮುಂದೆ ಮಾಡಿ ಕಣ್ಣು ಮುಚ್ಚಿದರು. ಆಂಟಿಗೆ ವಾಲ್ಟರ್ ವಿಷಯ ಗೊತ್ತು. ಕೈ ಅರ್ಧಕ್ಕೆ ನಿಂತಿತು. ಆಮೇಲೆ ಮೆಲ್ಲಗೆ ಪಕ್ಕದವರ ಕಡೆಗೆ ಸರಿದರು. ಕೆಟ್ಟವರಲ್ಲ ಅಕ್ಕ, ಆ ಕೈಗೆ ಅಭ್ಯಾಸ ಹಾಗೆ. ಗೆರ್ಡಾ ಕಣ್ಣು ಬಿಟ್ಟು, "ಓ, ಮುಗಿದುಹೋಯಿತೇ? ಪರವಾಗಿಲ್ಲ" ಎಂದು ನಕ್ಕರು. ಬಟ್ಟಲು ತುಂಬಿತ್ತು.

ಆಗ ನೀನು ಕಣ್ಣ ಮುಂದೆ ಬಂದೆ. ಭಾವ ಹೋದ ಮೇಲೆ ನಮ್ಮ ಮನೆಯಲ್ಲಿ ಕುಂಕುಮದ ತಟ್ಟೆ ಹೊರಗೆ ಬಂದಾಗಲೆಲ್ಲ "ಒಲೆ ಮೇಲೆ ಹಾಲಿದೆ, ಉಕ್ಕತ್ತೆ" ಎಂದು ನೀನು ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ಒಂದು ಸಲ ನಾನು ನಿನ್ನ ಹಿಂದೆಯೇ ಬಂದು ನೋಡಿದ್ದೆ. ಒಲೆಯ ಮೇಲೆ ಏನೂ ಇರಲಿಲ್ಲ. ನೀನು ಸಿಂಕಿನ ಹತ್ತಿರ ನಿಂತು ತೊಳೆದ ಲೋಟವನ್ನೇ ತೊಳೆಯುತ್ತಿದ್ದೆ. ನಾನು ಸದ್ದು ಮಾಡದೆ ವಾಪಸು ಹೋದೆ. ಗೆರ್ಡಾರಿಗೆ ಪದ್ಧತಿ ಗೊತ್ತಿರಲಿಲ್ಲ, ನಕ್ಕರು. ನಿನಗೆ ಗೊತ್ತಿತ್ತು. ನನಗೆ ಬಹಳ ಸಂಕಟವಾಗುತ್ತದೆ ಅಕ್ಕ.

ಮೇಳದ ಕಥೆಗೆ ವಾಪಸು ಬರುತ್ತೇನೆ. ಹಬ್ಬ ಶುರುವಾಗಬೇಕಾದರೆ ಮೊದಲ ಬಿಯರಿನ ಪೀಪಾಯಿಗೆ ನಲ್ಲಿ ಹೊಡೆಯಬೇಕು. ಅದು ದೊಡ್ಡ ಗೌರವದ ಕೆಲಸ. ನಮ್ಮಲ್ಲಿ ದೀಪ ಹಚ್ಚಿಸುತ್ತಾರಲ್ಲ, ಆ ಥರ. ಕೌನ್ಸಿಲರ್ ಹೊಡೆಯುತ್ತಾರೆ ಎಂದುಕೊಂಡಿದ್ದೆ. ಮೈಕಿನಲ್ಲಿ ಗೆರ್ಡಾರ ಹೆಸರು ಕರೆದರು! ಮರದ ಸುತ್ತಿಗೆ ಎತ್ತಿ ಎರಡೇಟು ಹೊಡೆದರು ನೋಡು, ನಲ್ಲಿ ಕೂತಿತು, ನೊರೆ ಚಿಮ್ಮಿತು, ಬ್ಯಾಂಡು ಬಾರಿಸಿತು. ಪಾರ್ಕಿಗೆ ಪಾರ್ಕೇ ಕೂಗಿತು. ನಾನು ಆಮೇಲೆ ತಡೆಯಲಾರದೆ ಕೇಳಿದೆ, "ವಾಲ್ಟರ್ ಇಲ್ಲದಿರುವಾಗ ನೀವು ಹಬ್ಬ ಶುರು ಮಾಡಿದರೆ ಯಾರೂ ಏನೂ ಅನ್ನುವುದಿಲ್ಲವೇ?"

ಅವರಿಗೆ ನನ್ನ ಪ್ರಶ್ನೆಯೇ ತಿಳಿಯಲಿಲ್ಲ. "ಏನನ್ನಬೇಕು? ಮೊದಲು ಅವನು ಹೊಡೆಯುತ್ತಿದ್ದ, ಈಗ ನಾನು. ಅವನಿಗಿಂತ ಕಡಿಮೆ ಚೆಲ್ಲುತ್ತೇನೆ" ಎಂದರು.

ಮಧ್ಯಾಹ್ನ ಕುಣಿತ ಶುರುವಾಯಿತು. ಗೆರ್ಡಾ ಸೀದಾ ನಮ್ಮ ಸ್ಟಾಲಿಗೆ ಬಂದು ನಟರಾಜ್ ಅಂಕಲ್ ಅವರ ಕೈ ಹಿಡಿದು ಎಳೆದರು. "ಅಯ್ಯಯ್ಯೋ, ನಂಗ್ ಬರಲ್ಲ, ಮಂಡಿ ನೋವು" ಎನ್ನುತ್ತಲೇ ಅಂಕಲ್ ಹೋದರು, ಮತ್ತೆ ಮೂರು ಹಾಡು ಮುಗಿಯುವ ತನಕ ಬರಲಿಲ್ಲ. ರುಕ್ಮಿಣಿ ಆಂಟಿಯ ಮುಖ ನೋಡಬೇಕಿತ್ತು. ಕೊನೆಗೆ ಅವರೂ ಚಪ್ಪಾಳೆ ತಟ್ಟಿದರು. ಸಂಜೆ ಹೊರಡುವಾಗ ತಮ್ಮ ಪರ್ಸಿನಿಂದ ಪುಟ್ಟ ಕುಂಕುಮದ ಭರಣಿ ತೆಗೆದು ಗೆರ್ಡಾರ ಹಣೆಗೆ ಇಟ್ಟರು. ನಾನು ಬೇರೆ ಕಡೆ ನೋಡಿದೆ, ಕಣ್ಣು ತುಂಬಿತ್ತು. ನನ್ನ ಏಪ್ರನ್ನಿನ ಗಂಟು ಮಾತ್ರ ಇಡೀ ದಿನ ಬಿಚ್ಚಿ ಬಿಚ್ಚಿ ಬರುತ್ತಿತ್ತು. ರೇಷ್ಮೆ ನೋಡು, ನಿಲ್ಲುವುದಿಲ್ಲ.

ಉಳಿದಂತೆ ಎಲ್ಲ ಎಂದಿನಂತೆ. ಪ್ರಣತಿ ನನಗಿಂತ ಎತ್ತರವಾಗಿದ್ದಾಳೆ. ಗುರುದತ್ ಅಡಿಲೇಡಿನಲ್ಲಿ ಆರೋಗ್ಯವಾಗಿದ್ದಾರೆ, ಕೆಲಸ ಜಾಸ್ತಿಯಂತೆ. ಚಿನ್ಮಯಿಗೆ ನನ್ನ ಆಶೀರ್ವಾದ. ಸೀರೆ ಆರಿಸುವಾಗ ಅವಳ ಇಷ್ಟಕ್ಕೆ ಬಿಡು, ನಿನ್ನ ಮಾವಿನಕಾಯಿ ಅಂಚಿನ ಹುಚ್ಚು ಅವಳ ಮೇಲೆ ಹೇರಬೇಡ. ಅವಳ ಸಂಸಾರ ತಂಪಾಗಿರಲಿ. ನೀನು ಬಿ.ಪಿ. ಮಾತ್ರೆ ಮರೆಯಬೇಡ.

ನಿನ್ನ ಪ್ರೀತಿಯ ತಂಗಿ,
ಹಂಸಾ

ತಾ.ಕ.: ನಿನ್ನ ಪ್ರಶ್ನೆಗೆ ಉತ್ತರ ಕೊಡದೆಯೇ ಸಹಿ ಹಾಕಿಬಿಟ್ಟೆ ನೋಡು. ಲಕೋಟೆ ಅಂಟಿಸಲು ಕೈ ಬರಲಿಲ್ಲ, ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ. ಅಡಿಲೇಡಿನ ಪ್ರಾಜೆಕ್ಟ್ ಜೂನಿನಲ್ಲೇ ಮುಗಿಯಿತು ಅಕ್ಕ. ಗುರುದತ್ ವಾಪಸು ಬರಲಿಲ್ಲ. ಬೇರೆ ಯಾರೂ ಇಲ್ಲವಂತೆ. "ಒಬ್ನೇ ಇದ್ರೆ ಉಸಿರಾಡೋಕೆ ಸುಲಭ ಅನ್ಸತ್ತೆ ಹಂಸಾ" ಎಂದರು. ಯಾರಾದರೂ ಇದ್ದಿದ್ದರೆ ಅವಳನ್ನಾದರೂ ಬೈಯುತ್ತಿದ್ದೆ. ನಿನ್ನ ಕಾಗದದ ವಿಷಯ ಹೇಳಿದಾಗ, "ಬೇಕಾದ್ರೆ ಬಂದು ಮಣೆ ಮೇಲೆ ಕೂತು ಹೋಗ್ತೀನಿ, ಯಾರಿಗೂ ಗೊತ್ತಾಗಲ್ಲ" ಎಂದರು. ಒಪ್ಪಿಬಿಡೋಣ ಎಂದು ನನಗೂ ಅನ್ನಿಸಿತ್ತು. ಮೇಳದ ದಿನ ಗಂಟು ಕೊನೆಯ ಸಲ ಬಿಚ್ಚಿದಾಗ ನಾನೇ ಕಟ್ಟಿಕೊಂಡೆ, ಎಡಕ್ಕೆ. ಪ್ರಣತಿ ನೋಡಿದಳು. ಹತ್ತಿರ ಬಂದು ಗಂಟನ್ನು ಇನ್ನಷ್ಟು ಬಿಗಿ ಮಾಡಿದಳು. ಆಮೇಲೆ ಅದು ಬಿಚ್ಚಲಿಲ್ಲ. ಮದುವೆಗೆ ನಾವಿಬ್ಬರೇ ಬರುತ್ತೇವೆ. ಹೆತ್ತು ಬೆಳೆಸಿದವಳು ನೀನು, ಧಾರೆ ನೀನೇ ಎರೆ. ಪುರೋಹಿತರು ಏನಾದರೂ ಅಂದರೆ ನನ್ನ ಹತ್ತಿರ ಕಳಿಸು. ಒಲೆಯ ಮೇಲೆ ಹಾಲಿದ್ದರೆ, ಅದನ್ನು ನಾನು ನೋಡಿಕೊಳ್ಳುತ್ತೇನೆ.