ಎದುರು ಬೆಂಚಿನ ಮಾತು

ಬಣ್ಣದ ಮಿಲ್ಲಿನ ಹಿಂದಿನ ಓಣಿ,
ಹನ್ನೊಂದನೇ ತಾರೀಕು, ಭಾನುವಾರ ಮಧ್ಯಾಹ್ನ

ನನ್ನ ಪ್ರೀತಿಯ ಮೊಂಡರಾಯರಿಗೆ,

ಹೇಗಿದ್ದೀರಿ? ಕೆಮ್ಮು ಕಡಿಮೆಯಾಯಿತೆ? ಜೈಲಿನ ಗೋಡೆಗೆ ಬೆನ್ನು ಕೊಟ್ಟು ಮಲಗಬೇಡಿ, ಥಂಡಿ ಹಿಡಿಯುತ್ತದೆ. ಇಲ್ಲಿ ನಾವು ಚೆನ್ನಾಗಿದ್ದೇವೆ. ಮುಷ್ಕರದ ಅಡುಗೆಗೆಂದು ಸೌಟು ಹಿಡಿದ ಅತ್ತೆ ಇನ್ನೂ ಕೆಳಗಿಟ್ಟಿಲ್ಲ. ಮಗನ ಮೇಲಿನ ಸಿಟ್ಟನ್ನೆಲ್ಲ ಪಾತ್ರೆಗಳ ಮೇಲೆ ತೀರಿಸುತ್ತಿದ್ದಾರೆ. ಮಿಲ್ಲಿನ ಮೋರಿ ದಿನಕ್ಕೊಂದು ಬಣ್ಣದಲ್ಲಿ ಹರಿಯುತ್ತಿತ್ತಲ್ಲ, ಈಗ ಬರೀ ನೀರು. ಕಿಟಕಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದರೆ ನಾನೂ ತಿಳಿಯಾಗಿ ಎಲ್ಲಿಗೋ ಹರಿದು ಹೋಗುತ್ತಿರುವಂತೆ ಅನಿಸುತ್ತದೆ. ಮಿಲ್ಲಿನಲ್ಲಿ ಬಟ್ಟೆಯನ್ನು ನೀಲಿಗೆ ಅದ್ದಿದ ದಿನ ನೀವು ಆ ಕೈಯಲ್ಲೇ ನನ್ನ ಕೆನ್ನೆ ಮುಟ್ಟಿದ್ದಕ್ಕೆ ಓಣಿಗೆ ಓಣಿಯೇ ನಕ್ಕಿತ್ತು. ಕಣ್ಣು ಮುಚ್ಚಿದರೆ ಅದೇ ನೀಲಿ.

ಸುದ್ದಿಗೆ ಬರುತ್ತೇನೆ. ಮಾಲೀಕ ರಾಜಿಗೆ ಬಂದಿದ್ದಾನೆ. ನಿಮ್ಮ ಮೇಲಿನ ಮುಷ್ಕರದ ಕೇಸು ವಾಪಸ್ಸು, ಎಲ್ಲರಿಗೂ ಕೆಲಸ, ಬಟ್ಟೆ ಮಡಿಸುವ ಹೆಂಗಸರನ್ನು ಬಿಟ್ಟು. ಅವರ ಜಾಗಕ್ಕೆ ಯಂತ್ರವಂತೆ. ನಾನು ಸುಮ್ಮನಿರುತ್ತೇನೆಯೆ? ಸಭೆಯಲ್ಲಿ ಮೇಜು ಗುದ್ದಿ, “ಇದು ರಾಜಿಯಲ್ಲ, ಎಂಜಲು!” ಎಂದೆ. ಚಪ್ಪಾಳೆಯೋ ಚಪ್ಪಾಳೆ. ಆಗ ಅತ್ತೆ ಸೌಟಿನಿಂದಲೇ ಎದುರು ಬೆಂಚು ತೋರಿಸಿದರು: “ಏ ಬಾಯಿಬಡಕಿ, ನಿನ್ ಗಂಡನೇ ಮಾಡಿದ ಕಾನೂನಲ್ವೇನೇ? ಜೋರಾಗಿ ಕೂಗ್ದೋರು ಅಲ್ಲಿ ಕೂತು ಎದುರು ಪಕ್ಷದ ಮಾತನ್ನೂ ಆಡ್ಬೇಕು. ಹೋಗು, ಕೂತ್ಕೋ.” ಎಂಥ ಹಾಳು ಕಾನೂನು ಮಾಡಿಟ್ಟು ಹೋದಿರಿ ಪುಣ್ಯಾತ್ಮರೇ!

ಕೂತೆ. ಒಲ್ಲದ ಮನಸ್ಸಿನಿಂದ ಮಕ್ಕಳ ಹಸಿವು ಹೇಳಿದೆ, ಮನೆಮನೆಯ ಖಾಲಿ ಡಬ್ಬಿ ಹೇಳಿದೆ. ಆಮೇಲೆ ಕಣ್ಣು ಮುಚ್ಚಿಕೊಂಡಿತು, ಬಾಯಿ ತನ್ನ ಪಾಡಿಗೆ ತಾನು ನಡೆಯಿತು. ಬಾಗಿಲು ತೆರೆದಿದೆ, ನೀವು ಬರುತ್ತಿದ್ದೀರಿ, ಚಪ್ಪಲಿ ಬಿಡುತ್ತಿದ್ದೀರಿ, ನೀರು ಕೇಳುತ್ತಿದ್ದೀರಿ... ಕನಸೆಂದುಕೊಂಡದ್ದನ್ನೆಲ್ಲ ಜೋರಾಗಿಯೇ ಹೇಳುತ್ತಿದ್ದೆ! ಕಣ್ಣು ಬಿಟ್ಟರೆ ಸಭೆಗೆ ಸಭೆಯೇ ಅಳುತ್ತಿದೆ. ಮಡಿಸುವ ವಿಭಾಗದ ದೊಡ್ಡಮ್ಮ, ಕೆಲಸ ಕಳೆದುಕೊಳ್ಳಬೇಕಾದವರಲ್ಲಿ ಮೊದಲಿನವಳು, ನನ್ನ ತಲೆ ಸವರಿ, “ಕರ್ಕೊಂಡ್ ಬಾ ತಾಯಿ ನಿನ್ ಗಂಡನ್ನ. ನಮ್ದೇನು, ಹೇಗೋ ಆಗುತ್ತೆ” ಎಂದಳು.

ಅಂದಿನಿಂದ ತಲೆ ಗಿರಗಿರ. ರಾಜಿ ಬೇಡ ಎಂದದ್ದು ವಿಚಾರವೋ, ಜೈಲಿಗೆ ಹೋದವನ ಹೆಂಡತಿ ಎಂಬ ಜಂಬವೋ? ಬೇಕು ಎಂದು ಎಲ್ಲರನ್ನೂ ಅಳಿಸಿದ್ದು ವಿಚಾರವೋ, ನಿಮ್ಮ ಖಾಲಿ ಹಾಸಿಗೆಯೋ? ಮಾಲೀಕನನ್ನು ಪ್ರಶ್ನಿಸುವುದು ಸುಲಭ ಕಣ್ರೀ. ಅವನು ಎದುರಿಗೇ ಇರುತ್ತಾನೆ. ನನಗೆ ಬಿದ್ದ ಚಪ್ಪಾಳೆಯನ್ನು, ನಾನೇ ಹರಿಸಿದ ಕಣ್ಣೀರನ್ನು ಕೊರಳಪಟ್ಟಿ ಹಿಡಿದು ಕೇಳುವುದಕ್ಕೆ ಎದೆ ಬೇಕು. “ನೀವೇನಂತೀರಿ?” ಎಂದು ಅತ್ತೆಯನ್ನು ಕೇಳಿದೆ. “ನಂಗೆ ಮಗ ಬೇಕು. ಅದಕ್ಕೇ ನನ್ನ ಕೇಳ್ಬೇಡ” ಎಂದು ಒಲೆಯತ್ತ ತಿರುಗಿದರು.

ಬಿಸಿನೀರನ್ನೇ ಕುಡಿಯಿರಿ. ಜೊತೆಯವರಿಗೆಲ್ಲ ನನ್ನ ನಮಸ್ಕಾರ. ಅತ್ತೆ ಆಶೀರ್ವಾದ ಕಳಿಸಿದ್ದಾರೆ, ಬೈಗುಳ ಸೇರಿಸಿಯೇ.

ನಿಮ್ಮ
ಬಾಯಿಬಡಕಿ

ಮರೆತೆ: ನಾಳೆ ಬೆಳಿಗ್ಗೆಯೇ ರಾಜಿಯ ಮೇಲೆ ಮತ. ಜಂಬ, ಆಸೆ ಎರಡನ್ನೂ ಪಕ್ಕಕ್ಕಿಟ್ಟು ನೋಡಿದೆ. ನಿಮ್ಮ ಬಿಡುಗಡೆಗೆ ಆ ಹೆಂಗಸರ ಅನ್ನ ಬೆಲೆಯಾಗುವುದು ನ್ಯಾಯ ಅನಿಸಲಿಲ್ಲ. ಬೇಡ ಎಂದೇ ಕೈ ಎತ್ತುತ್ತೇನೆ. ಈ ಸಲ ಮೇಜು ಗುದ್ದುವುದಿಲ್ಲ, ಕಾರಣ ಹೇಳುತ್ತೇನೆ. ನನ್ನ ಮಾತು ಗೆದ್ದರೆ ನೀವು ಇನ್ನೆಷ್ಟು ದಿನ ಅಲ್ಲಿರಬೇಕೋ ಗೊತ್ತಿಲ್ಲ. ತಪ್ಪು ಅನಿಸಿದರೆ ಬರೆಯಿರಿ, ಜಗಳಾಡೋಣ. ಸರಿ ಅನಿಸಿದರೆ ಇನ್ನೂ ಬೇಗ ಬರೆಯಿರಿ, ಅತ್ತೆಗೆ ಓದಿ ಹೇಳುತ್ತೇನೆ. ಅವರಿಗೆ ಸಮಾಧಾನ ಹೇಳಲು ನನಗೆ ಬಾಯಿ ಬರುತ್ತಿಲ್ಲ.