ಖೋ ಕೊಟ್ಟವಳು ಕೂಡಬೇಕು

ಮುಂಡರಗಿ
ಜೂನ್ 2021

ಮುದ್ದು ಕೌಸರ,

ಶಾಲೆಯಲ್ಲಿ ನಿನಗೆ ಆಟ ಕಲಿಸಿದ ಡ್ರಿಲ್ ಅಕ್ಕೋರು ಸುಮಿತ್ರವ್ವ ಮಾಡುವ ಆಶೀರ್ವಾದ, ಮತ್ತು ಅದರ ಬೆನ್ನಿಗೇ ಒಂದಿಷ್ಟು ಬೈಗುಳ.

ನಿನ್ನೆ ನಿಮ್ಮವ್ವ ಬೀಬಿಜಾನ ನಮ್ಮ ಮನೆಗೆ ಬಂದಿದ್ದಳು. ಚಹಾ ಮುಂದಿಟ್ಟರೂ ಮುಟ್ಟದೆ ಕೂತಳು. ಆಸ್ಪತ್ರೆಯವರೇ ಕರೆದು ಒಂದು ವಾರ ರಜೆ ತಗೋ ಎಂದರೆ, ವಾರ್ಡಿನಲ್ಲಿ ಸಿಸ್ಟರುಗಳು ಕಡಿಮೆ ಇದ್ದಾರೆಂದು ನೀನು ಬೇಡ ಅಂದೆಯಂತೆ. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು: "ಬೆನ್ನು ಬಗ್ಗವಲ್ದಂತ್ರಿ ಅಕ್ಕೋರ. ಕುರ್ಚಿ ಮ್ಯಾಲ ಕುಂತು ನಮಾಜ್ ಮಾಡಾಕತ್ತಾಳ." ನನಗೆ ಸಿಟ್ಟೂ ಬಂತು, ಕಣ್ಣಲ್ಲಿ ನೀರೂ ಬಂತು. ಫೋನ್ ಮಾಡಿದರೆ ನೀನು "ಆತ್ರಿ ಅಕ್ಕೋರ" ಎಂದು ಇಟ್ಟುಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ.

ಗದಗ ಹೊಸ ಜಿಲ್ಲೆಯಾದ ವರ್ಷ ನೆನಪಿದೆಯೇ? ಅಲ್ಲಿಯವರೆಗೆ ಜಿಲ್ಲಾ ಪಂದ್ಯವೆಂದರೆ ಧಾರವಾಡದ ದಾರಿ. ಆ ಸಲ ನಮ್ಮದೇ ಜಿಲ್ಲೆ, ಗದಗಿನಲ್ಲೇ ಮೈದಾನ. ನಮ್ಮ ಶಾಲೆಯ ಖೋ ಖೋ ತಂಡದಲ್ಲಿ ನಿನ್ನಂಥ ಓಟಗಾರ್ತಿ ಇನ್ನೊಬ್ಬಳಿರಲಿಲ್ಲ. ಉಳಿದವರು ತಾವೇ ಹಿಡಿಯಬೇಕೆಂದು ಏದುಸಿರು ಬಿಟ್ಟು ಓಡಿದರೆ, ನೀನು ಮಾತ್ರ ಸರಿಯಾದ ಹೊತ್ತಿಗೆ ಗೆಳತಿಯ ಬೆನ್ನು ಮುಟ್ಟಿ ಖೋ ಕೊಡುತ್ತಿದ್ದೆ. ನಿನ್ನದು ಒಂದೇ ತಪ್ಪು. ನಿನಗೆ ಕೂಡಲು ಬರುತ್ತಿರಲಿಲ್ಲ. ಖೋ ಬೀಳುವ ಮೊದಲೇ ಎದ್ದು ಫೌಲ್ ಮಾಡುತ್ತಿದ್ದೆ, ಫೈನಲ್ಲಿನಲ್ಲೂ ಮಾಡಿದೆ. ಬಸ್ಸಿನಲ್ಲಿ ಮುಂಡರಗಿ ಮುಟ್ಟುವ ತನಕ ನಾನು ನಿನ್ನನ್ನು ಬೈದೆ, ನೀನು ಶೇಂಗಾ ತಿನ್ನುತ್ತ ಕೇಳಿಸಿಕೊಂಡೆ.

ಈ ಬೇಸಿಗೆಯಲ್ಲಿ ಕೊರೋನಾ ಬಂದು ಮೂಗಿಗೆ ಆಕ್ಸಿಜನ್ ಹಚ್ಚಿಕೊಂಡು ನಿನ್ನ ವಾರ್ಡಿನಲ್ಲಿ ಬಿದ್ದಿದ್ದಾಗ, ಮೈಯೆಲ್ಲ ಮುಚ್ಚುವ ಆ ಬಿಳಿ ಪಿಪಿಇ ಕಿಟ್ಟುಗಳ ಒಳಗೆ ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ನಿನ್ನನ್ನು ಗುರುತು ಹಿಡಿದದ್ದು ನಡಿಗೆಯಿಂದ. ಹಿಮ್ಮಡಿ ಎತ್ತಿ ಇಡುವ ಅದೇ ನಡಿಗೆ. ಆದರೆ ಸಂಜೆಯಾಗುತ್ತ ಅದೇ ಕಾಲು ನೆಲ ಸವರಿಕೊಂಡು ಹೋಗುತ್ತಿತ್ತು. ಮಾತಾಡಲು ಉಸಿರು ಸಿಕ್ಕ ಕೂಡಲೇ ನಾನು ಮಾಡಿದ ಮೊದಲ ಕೆಲಸವೆಂದರೆ ನಿನ್ನನ್ನು ಗದರಿಸಿದ್ದು. ದಿನಾ ಬೆಳಗ್ಗೆ ಓಡುವುದನ್ನು ಬಿಟ್ಟೆಯಾ, ಈ ವಯಸ್ಸಿಗೇ ಮೈ ಕೆಡಿಸಿಕೊಂಡೆಯಾ ಎಂದು. ನೀನು ನಕ್ಕೆ. ಕನ್ನಡಕದ ಒಳಗೆ ಮಂಜು ಕವಿಯಿತು.

ಉತ್ತರ ಒಂದೇ ಸಲಕ್ಕೆ ಸಿಗಲಿಲ್ಲ. ಸಲೈನ್ ಬದಲಿಸುವಾಗ ಒಂದಿಷ್ಟು, ಜ್ವರ ನೋಡುವಾಗ ಒಂದಿಷ್ಟು ಹೇಳಿದೆ. ಕಿಟ್ಟು ಹಾಕಿದ ಮೇಲೆ ಬಚ್ಚಲಿಗೆ ಹೋಗುವಂತಿಲ್ಲವೆಂದು ನೀರೇ ಕುಡಿಯುವುದಿಲ್ಲ. ಬಿಚ್ಚುವ ಹೊತ್ತಿಗೆ ಪಾದ ಬಾತು ಚಪ್ಪಲಿ ಹಿಡಿಸುವುದಿಲ್ಲ. ಡ್ಯೂಟಿ ಮುಗಿದ ಮೇಲೆ ನಿಮ್ಮನ್ನು ಇಟ್ಟ ಲಾಡ್ಜಿನಲ್ಲಿ ಮಾಳಿಗೆಯ ಮೇಲೆ ಅಡ್ಡಾಡುತ್ತೇವೆಂದರೆ, ಅಕ್ಕಪಕ್ಕದವರು ಹೆದರುತ್ತಾರೆಂದು ಮಾಲೀಕ ಬೀಗ ಜಡಿದ. ಬೆಳಗ್ಗೆ ರಸ್ತೆಗಿಳಿದರೆ ನಿಮ್ಮನ್ನು ಕಂಡವರು ಬಾಗಿಲು ಹಾಕಿಕೊಂಡರು. ಮನೆಗೆ ಹೋದರೆ ಒಲೆ, ಮಕ್ಕಳು, ಬಟ್ಟೆ. ದಿನವಿಡೀ ವಾರ್ಡಿನಲ್ಲಿ ತಿರುಗುತ್ತೀಯಲ್ಲ, ಇನ್ನೆಂಥ ವ್ಯಾಯಾಮ ಎಂದು ಮನೆಯವರ ಮಾತು ಬೇರೆ. ಆವತ್ತು ನೀನು ಅಂದದ್ದು ನನ್ನ ಕಿವಿಯಲ್ಲೇ ಇದೆ: "ತಿರಗೋದು ಬ್ಯಾರೆ, ಓಡೋದು ಬ್ಯಾರೆ ಅಕ್ಕೋರ. ಓಡಿದ್ರ ಮೈ ಹಗುರ ಆಗತಿತ್ತು. ಈಗ ಮೈ ಅನ್ನೋದಽ ಹೊರಿ ಆಗೇತಿ."

ಜೀವಮಾನವಿಡೀ ಸೀಟಿ ಊದಿ ಮಕ್ಕಳನ್ನು ಓಡಿಸಿದವಳು ನಾನು. ಓಡಲು ಕಾಲಷ್ಟೇ ಸಾಲದು, ಜಾಗ ಬೇಕು, ಹೊತ್ತು ಬೇಕು, ಹೋಗಿ ಬಾ ಎನ್ನುವವರು ಬೇಕು ಎಂಬುದು ನನಗೆ ಆ ಮಂಚದ ಮೇಲೆ ತಿಳಿಯಿತು.

ಆದರೂ ನೀನೇನು ಸುಮ್ಮನಿದ್ದೆಯಾ! ಕಿಟ್ಟು ಹಾಕುವ ಮೊದಲು ಬಾಗಿಲ ಗಾಜಿನಾಚೆ ಎಳೆಯ ಸಿಸ್ಟರುಗಳನ್ನು ಸಾಲಾಗಿ ನಿಲ್ಲಿಸಿ ಭುಜ ತಿರುಗಿಸು, ಕುತ್ತಿಗೆ ಹೊರಳಿಸು ಎಂದು ಮಾಡಿಸುತ್ತಿದ್ದೆ. ನಾನು ಕಲಿಸಿದ ಅದೇ ಒಂದು, ಎರಡು, ಮೂರು, ನಾಲ್ಕು. ಪಕ್ಕದ ಮಂಚದ ಹಿರೇಹಂದಿಗೋಳದ ಅಂದಪ್ಪ ಮಲಗಿದಲ್ಲಿಂದಲೇ ಒಂದು ಕೈ ಎತ್ತಿ ನಿಮ್ಮೊಡನೆ ಮಾಡುತ್ತಿದ್ದ. ಎತ್ತಿನಂಥ ಆಳು ಅವನು. ಉಸಿರಾಟ ಕೆಟ್ಟಾಗ ಅವನನ್ನು ಬೋರಲು ಮಲಗಿಸಲು ನೀವು ನಾಲ್ವರು ಹೆಣ್ಣುಮಕ್ಕಳು ಹೆಗಲು ಕೊಟ್ಟು ಹೊರಳಿಸಿದ್ದನ್ನು ನೋಡಿದೆ. ನೀನು ತಲೆಯ ಕಡೆ, ಎಲ್ಲರಿಗಿಂತ ಹೆಚ್ಚು ಭಾರ ಬೀಳುವ ಕಡೆ ನಿಂತಿದ್ದೆ. ಅಂದಪ್ಪ ಉಳಿದ, ಈಗ ಹೊಲಕ್ಕೆ ಹೋಗುತ್ತಿದ್ದಾನಂತೆ. ನಿನ್ನ ಬೆನ್ನು ಹೋದದ್ದು ಎಲ್ಲಿ ಎಂದು ನನಗೆ ಯಾರೂ ಹೇಳಬೇಕಿಲ್ಲ.

ನನ್ನ ಸರದಿಯೂ ಬಂತು. ಆಕ್ಸಿಜನ್ ತೆಗೆದ ಮೇಲೆಯೂ ಕಾಲು ನೆಲಕ್ಕಿಡಲು ನನಗೆ ಹೆದರಿಕೆ. ಬಿದ್ದು ಸತ್ತೇನು ಎಂದು ಮಂಚದ ಅಂಚಿಗೆ ಕೂತೇ ಇರುತ್ತಿದ್ದೆ. ಒಂದು ಬೆಳಗ್ಗೆ ನೀನು ಹಿಂದಿನಿಂದ ಬಂದು ನನ್ನ ಬೆನ್ನಿಗೆ ಅಂಗೈ ಇಟ್ಟು ಮೆಲ್ಲಗೆ ಅಂದೆ: "ಖೋ."

ಎದ್ದೆನಲ್ಲ ಕೌಸರ! ಯೋಚನೆ ಮಾಡುವ ಮೊದಲೇ ಎದ್ದಿದ್ದೆ. ನಿನ್ನ ತೋಳು ಹಿಡಿದು ಕಿಟಕಿಯ ತನಕ ನಡೆದೆ. ಈಗ ದಿನಾ ಬೆಳಗ್ಗೆ ದೂರದ ಕಪ್ಪತಗುಡ್ಡ ನೋಡುತ್ತ ಶಾಲೆಯ ಮೈದಾನದಲ್ಲಿ ಸುತ್ತು ಹಾಕುತ್ತೇನೆ. ನನ್ನ ಕೈಯಲ್ಲಿ ಕಲಿತವರಲ್ಲಿ ದೊಡ್ಡ ದೊಡ್ಡ ಕುರ್ಚಿಯಲ್ಲಿ ಕೂತವರಿದ್ದಾರೆ. ನಿನ್ನ ಮೇಲಿರುವಷ್ಟು ಹೆಮ್ಮೆ ನನಗೆ ಯಾರ ಮೇಲೂ ಇಲ್ಲ.

ಆದರೆ ಆಟದ ನಿಯಮ ಮರೆತೆಯಾ? ಖೋ ಕೊಟ್ಟವಳು ಎದ್ದವಳ ಜಾಗದಲ್ಲಿ ಕೂಡಬೇಕು. ನೀನು ಖೋ ಕೊಟ್ಟೆ, ನಾನು ಎದ್ದೆ. ಅಂದಪ್ಪ ಎದ್ದ. ನೀನು ಮಾತ್ರ ಇನ್ನೂ ಕೂತಿಲ್ಲ. ಇದು ಫೌಲ್. ಅಂಪೈರ್ ನಾನು, ನನ್ನ ಮುಂದೆ ವಾದ ನಡೆಯುವುದಿಲ್ಲ. ನಾಳೆಯೇ ರಜೆ ಬರೆದುಕೊಟ್ಟು ಮುಂಡರಗಿ ಬಸ್ಸು ಹತ್ತು. ಅವ್ವನ ಮನೆಯಲ್ಲಿ ಮಲಗು, ಬಿಸಿ ರೊಟ್ಟಿ ತಿನ್ನು, ಯಾರಿಗೂ ನೀರು ಸಹ ತಂದುಕೊಡಬೇಡ. ಕೂತು ದಣಿವಾರಿಸಿಕೊಂಡವಳೇ ಅಲ್ಲವೇ ಮುಂದೆ ಓಡುವವಳು. ಬೆನ್ನು ಮಾತು ಕೇಳತೊಡಗಿದ ದಿನ ಮೈದಾನಕ್ಕೆ ಬಾ, ನಿನ್ನ ಹಿಂದೆ ನಾನು ನಿಂತಿರುತ್ತೇನೆ. ನಾನು ಖೋ ಅನ್ನುವ ತನಕ ಏಳಬೇಡ, ಹುಡುಗಿ.

ಬಕ್ರೀದ್ ನಮಾಜಿನ ಹೊತ್ತಿಗೆ ಬೆನ್ನು ನೋಯದೆ ನಿನ್ನ ಹಣೆ ನೆಲ ಮುಟ್ಟಲಿ.

ಸೀಟಿ ಹಿಡಿದು ಕಾಯುತ್ತಿರುವ
ನಿನ್ನ ಅಕ್ಕೋರು
ಸುಮಿತ್ರವ್ವ